ಆ ಕಡೆ ಕೂತವರಿಗೂ ಕಾಣಲಿ

ರಾಯದುರ್ಗ, ಮಡಕಶಿರಾ ಸೀಮೆಯಿಂದ ಹೋಗಿ ಬೆಂಗಳೂರು, ಹೈದರಾಬಾದುಗಳಲ್ಲಿ ಆ್ಯಪ್ ಮತ್ತು ಪೋರ್ಟಲ್‌ಗಳ ಸ್ಕ್ರೀನ್ ಕಟ್ಟುತ್ತಿರುವ ಹುಡುಗ ಹುಡುಗಿಯರಿಗೆ,

ನಿಮ್ಮಲ್ಲಿ ಕೆಲವರಿಗೆ ಎಂಜಿನಿಯರಿಂಗ್ ಸೀಟಿನ ಅರ್ಜಿ ತುಂಬಿಕೊಟ್ಟವನು ನಾನೇ. ರಾಯದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಜೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಸೈಜ್ ಫೋಟೊ, ಜೊತೆಗೆ ಸರ್ಕಾರದ್ದೋ ಬ್ಯಾಂಕಿನದ್ದೋ ಕಾಲೇಜಿನದ್ದೋ ಯಾವ ಅರ್ಜಿ ತಂದರೂ ತುಂಬಿಕೊಡುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು: ನೀವು ಕಟ್ಟುವ ಸ್ಕ್ರೀನ್ ಕೆಟ್ಟದಾಗಿದ್ದಷ್ಟೂ ನನಗೆ ಲಾಭ. ಫೋಟೊ 20 ಕೆಬಿಗಿಂತ ಕಡಿಮೆ ಇರಕೂಡದು, 50 ಕೆಬಿ ಮೀರಕೂಡದು ಅಂತ ನೀವು ಅಲ್ಲಿ ಕೂತು ಒಂದು ಸಾಲು ಬರೆದರೆ, ಇಲ್ಲಿ ಜನ ಫೋನಿನಲ್ಲಿ ತೆಗೆದ ಫೋಟೊ ಹಿಡಿದು ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ದೊಡ್ಡ ಫೋಟೊವನ್ನು ಚಿಕ್ಕದು ಮಾಡುವ ಕೆಲಸ ನಿಮ್ಮ ಸರ್ವರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನದು. ನೀವು ಅದಕ್ಕೆ ಹೇಳುವುದಿಲ್ಲ, ನಾನು ಮಾಡಿಕೊಟ್ಟು ಹತ್ತು ರೂಪಾಯಿ ಇಸಿದುಕೊಳ್ಳುತ್ತೇನೆ. ಹಾಗಾಗಿ ಈ ಕಾಗದ ನನ್ನ ಹೊಟ್ಟೆಪಾಡಿಗೆ ಅಡ್ಡ ಬರುವಂಥದ್ದು ಅಂತ ತಿಳಿದೇ ಓದಿ.

ನನ್ನ ತಕರಾರು ಒಂದೇ. ಸ್ಕ್ರೀನ್ ಮಾಡುವಾಗ ಅದರ ಮುಂದೆ ಒಬ್ಬರು ಕೂತಿರುತ್ತಾರೆ ಅಂತ ನೀವು ಲೆಕ್ಕ ಹಾಕುತ್ತೀರಿ. ನಮ್ಮಲ್ಲಿ ಇಬ್ಬರು ಇರುತ್ತಾರೆ. ಕೀಬೋರ್ಡಿನ ಮೇಲೆ ಕೈ ಇಟ್ಟವನು ಒಬ್ಬ. ಆ ಅರ್ಜಿಯಿಂದ ಒಳ್ಳೆಯದೋ ಕೆಟ್ಟದ್ದೋ ಆಗಬೇಕಾದವರು ಇನ್ನೊಬ್ಬರು. ಅವರು ಕೌಂಟರಿನ ಆ ಕಡೆ ಸ್ಟೂಲಿನ ಮೇಲೆ ಕೂತು ಮಾನಿಟರಿನ ಬೆನ್ನು ನೋಡುತ್ತಿರುತ್ತಾರೆ. ನೀವು ಬಟನ್ನಿನ ಬಣ್ಣ, ಅಕ್ಷರದ ಅಂದ, ಮೆನುವಿನ ಜಾಗ ಅಂತ ತಲೆ ಕೆಡಿಸಿಕೊಂಡಿದ್ದೆಲ್ಲ ನನಗಾಗಿ. ಅವರಿಗಾಗಿ ಏನೂ ಇಲ್ಲ.

ನಿಮ್ಮ ಪಾಠದ ಪುಸ್ತಕಗಳನ್ನು ನಾನೂ ಅಷ್ಟಿಷ್ಟು ತಿರುವಿ ಹಾಕಿದ್ದೇನೆ. ಸರ್ವರ್ ಇಲ್ಲದ ಮಧ್ಯಾಹ್ನಗಳು ಈ ಕಸುಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ಬೆನ್ ಶ್ನೈಡರ್‌ಮನ್ 1986ರಲ್ಲಿ ಎಂಟು ಸೂತ್ರ ಬರೆದರು. ಎರಡು ವರ್ಷದ ಮೇಲೆ ಡಾನ್ ನಾರ್ಮನ್ ಅವರು ಬಾಗಿಲ ಹಿಡಿ, ಒಲೆಯ ತಿರುಪು ಇಂಥವನ್ನೇ ಇಟ್ಟುಕೊಂಡು, ಜನ ತಪ್ಪು ಮಾಡಿದರೆ ಜನರನ್ನು ಬಯ್ಯಬೇಡಿ, ಆ ವಸ್ತು ಮಾಡಿದವರನ್ನು ಕೇಳಿ ಅಂತ ಒಂದಿಡೀ ಪುಸ್ತಕ ಬರೆದರು. ಯಾಕೋಬ್ ನೀಲ್ಸನ್ 1994ರಲ್ಲಿ ಎಲ್ಲವನ್ನೂ ಹತ್ತು ಅಂಶಗಳಿಗೆ ಇಳಿಸಿದರು. ಯಂತ್ರ ಈಗ ಏನು ಮಾಡುತ್ತಿದೆ ಅಂತ ತೋರಿಸಬೇಕು, ಜನ ಆಡುವ ಮಾತಿನಲ್ಲೇ ಮಾತಾಡಬೇಕು, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ದಾರಿ ಇರಬೇಕು, ತಪ್ಪಾದರೆ ಏನು ತಪ್ಪಾಯಿತು, ಮುಂದೇನು ಮಾಡಬೇಕು ಅಂತ ಬಿಡಿಸಿ ಹೇಳಬೇಕು. ಒಂದೊಂದೂ ನಿಜ. ಇವನ್ನು ಸುಮ್ಮನೆ ಪಾಲಿಸಿದ್ದರೂ ನನ್ನ ಅಂಗಡಿಯ ಅರ್ಧ ಗಿರಾಕಿ ಮನೆಯಲ್ಲೇ ಇರುತ್ತಿದ್ದರು. ಆದರೆ ಅವರು ಬರೆದ ದೇಶದಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಕಂಪ್ಯೂಟರು, ಒಬ್ಬ ಮನುಷ್ಯ. ಸ್ಕ್ರೀನಿನ ಹಿಂದೆ ಕೂತ ಅಜ್ಜಿ ಆ ಚಿತ್ರದಲ್ಲಿ ಇಲ್ಲ.

ಅವಳನ್ನು ಕಂಡವರು ಬೆಂಗಳೂರಿನಲ್ಲೇ ಇದ್ದರು. ನಿತ್ಯಾ ಸಾಂಬಶಿವನ್ ಮತ್ತು ಅವರ ಜೊತೆಗಾರರು ಅಲ್ಲಿನ ಕೊಳೆಗೇರಿಗಳಲ್ಲಿ ಓಡಾಡಿ 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಫೋನನ್ನೋ ಕಂಪ್ಯೂಟರನ್ನೋ ತಾವು ಮುಟ್ಟದೆ, ಓದು ಬಲ್ಲ ಮಗನ ಕೈಲೋ ಪಕ್ಕದ ಮನೆಯವರ ಕೈಲೋ ಕೆಲಸ ಮಾಡಿಸಿಕೊಳ್ಳುವವರೂ ಬಳಕೆದಾರರೇ, ಅವರನ್ನು ಲೆಕ್ಕಕ್ಕೆ ತೆಗೆದುಕೊಂಡು ಸ್ಕ್ರೀನ್ ಮಾಡಬೇಕು ಅನ್ನುವುದು ಅದರ ಸಾರ. ಅಷ್ಟು ವರ್ಷದ ಹಿಂದಿನ ಮಾತು. ನಾನು ದಿನಾ ತೆರೆಯುವ ಪೋರ್ಟಲ್‌ಗಳಿಗೆ ಅದು ಇನ್ನೂ ತಲುಪಿಲ್ಲ.

ಇದಕ್ಕೂ ಹಿಂದೆ, ನಮ್ಮ ಆಂಧ್ರದ ಗಡಿಯಾಚೆಗೇ, ಕರ್ನಾಟಕದಲ್ಲಿ ಇದನ್ನು ಮಾಡಿ ತೋರಿಸಿದ್ದರು. ನಿಮ್ಮಲ್ಲಿ ಕೆಲವರಿಗೆ ಮೊಳಕಾಲ್ಮುರು, ಪಾವಗಡ, ಶಿರಾ ಕಡೆ ಜಮೀನೋ ನೆಂಟಸ್ತನವೋ ಇರುತ್ತದೆ. ಅಲ್ಲಿನ ಪಹಣಿ ಕಂಪ್ಯೂಟರಿಗೆ ಏರಿದ್ದು ಭೂಮಿ ಯೋಜನೆಯಲ್ಲಿ, 2000ದ ಆಸುಪಾಸು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, 2 ಕೋಟಿಯಷ್ಟು ಪಹಣಿ. ಅದುವರೆಗೆ ಆ ದಾಖಲೆಗಳು ಇದ್ದದ್ದು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ. ಆಮೇಲೆ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನಿಸುವ ಸಂಗತಿಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಆ ಕೌಂಟರಿನಲ್ಲಿ ಎರಡು ಮಾನಿಟರ್ ಇಟ್ಟರು. ಒಂದು ಆಪರೇಟರ್ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಕೂತವರು ಏನು ಒತ್ತುತ್ತಾರೋ ಅದು ಹೊರಗೆ ನಿಂತವನ ಕಣ್ಣಿಗೂ ಬೀಳುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ಸಾಫ್ಟ್‌ವೇರಿಗೇ ಕಟ್ಟು ಹಾಕಿದ್ದರು. ಬೇಕಾದವರ ಕಡತ ಮೇಲೆ, ಬೇಡವಾದವರದ್ದು ಕೆಳಗೆ ಅನ್ನುವ ಹಳೇ ಆಟಕ್ಕೆ ಅಲ್ಲಿ ದಾರಿಯಿರಲಿಲ್ಲ.

ಎರಡನೇ ಮಾನಿಟರ್ ಅಂದರೆ ತಂತ್ರಜ್ಞಾನದ ದೃಷ್ಟಿಯಿಂದ ಏನೂ ಅಲ್ಲ, ಒಂದು ವೈರು ಜಾಸ್ತಿ ಅಷ್ಟೆ. ಆದರೆ ಯಾರನ್ನು ಬಳಕೆದಾರ ಅಂತ ಕರೆಯಬೇಕು ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತ್ತು. ಮತಯಂತ್ರದಲ್ಲೂ ಹಾಗೆಯೇ. ಮೊದಲ ಸಾರ್ವತ್ರಿಕ ಚುನಾವಣೆಯಿಂದಲೇ ಓದು ಬಾರದವರಿಗೆ ಅಂತ ಚಿಹ್ನೆ ಇತ್ತು. ಯಂತ್ರ ಬಂದ ಮೇಲೆ ಚಿಹ್ನೆಯ ಪಕ್ಕ ನೀಲಿ ಗುಂಡಿ, ಒತ್ತಿದರೆ ಕೆಂಪು ದೀಪ, ಆಮೇಲೆ ಬೀಪ್ ಸದ್ದು. ಅಷ್ಟಿದ್ದರೂ ಒಳಗೆ ಏನು ದಾಖಲಾಯಿತು ಅನ್ನುವುದು ಮತ ಹಾಕಿದವರಿಗೆ ಕಾಣುತ್ತಿರಲಿಲ್ಲ. 2013ರಿಂದ ವಿವಿಪ್ಯಾಟ್ ಜೋಡಿಸುತ್ತ ಬಂದರು. ಗಾಜಿನ ಹಿಂದೆ ಒಂದು ಚೀಟಿ, ಅದರಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ. 7 ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. ಒಂದು ಇಡೀ ದೇಶ ಆ 7 ಸೆಕೆಂಡಿಗೋಸ್ಕರ ಎಷ್ಟು ಖರ್ಚು ಮಾಡಿದೆ ಅಂತ ಯೋಚಿಸಿ. ನಿಮ್ಮ ಅರ್ಜಿಯ ಕೊನೇ ಪುಟದಲ್ಲಿ 7 ಸೆಕೆಂಡು ನಿಲ್ಲಿಸಿ ಆ ಕಡೆ ಕೂತವರಿಗೆ ತೋರಿಸುವುದಕ್ಕೆ ಏನು ಖರ್ಚು?

ಒಂದು ದಿನದ ಮಾತು ಹೇಳುತ್ತೇನೆ. ಡಿ.ಹಿರೇಹಾಳ್ ಕಡೆಯ ಒಬ್ಬ ಅಜ್ಜಿ ಕೆವೈಸಿ ಮಾಡಿಸಲು ಬಂದಿದ್ದಳು. ಯಾವ ಪೋರ್ಟಲ್ ಅಂತ ಹೇಳುವುದು ಬೇಡ. ವರ್ಷಗಟ್ಟಲೆ ಶೇಂಗಾ ಸುಲಿದ ಬೆರಳು, ಗೆರೆಗಳೆಲ್ಲ ಸವೆದು ತುದಿ ನುಣ್ಣಗಾಗಿತ್ತು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಚಕ್ರ ತಿರುಗಿತು, ತಿರುಗಿತು, ಆಮೇಲೆ ಒಂದು ಕೆಂಪು ಪೆಟ್ಟಿಗೆ ಬಂತು. ಅದರಲ್ಲಿ ಇಂಗ್ಲಿಷಿನಲ್ಲಿ ಅರ್ಧ ಸಾಲು, ಮುಂದೆ 300 ಅಂತ ಒಂದು ಅಂಕಿ. ಅಜ್ಜಿ ಎದ್ದು ಬಗ್ಗಿ ಸ್ಕ್ರೀನ್ ನೋಡಿದಳು. ಅಕ್ಷರ ಬಾರದು, ಅಂಕಿ ಬರುತ್ತದೆ. "ಮುನ್ನೂರು ಕಟ್ಬೇಕೇನಪ್ಪಾ?" ಅಂದಳು. ಸೆರಗಿನ ಗಂಟಿಗೆ ಆಗಲೇ ಕೈ ಹೋಗಿತ್ತು.

ಆಧಾರ್ ದೃಢೀಕರಣದ ಕೈಪಿಡಿಯಲ್ಲಿ 300 ಅಂದರೆ ಬೆರಳಚ್ಚಿನಂಥ ಬಯೋಮೆಟ್ರಿಕ್ ಗುರುತು ಹೊಂದಲಿಲ್ಲ ಅಂತ. ಅದು ಎಂಜಿನಿಯರಿಗೆ ಎಂಜಿನಿಯರ್ ಕೊಡುವ ಸಂಕೇತ. ಅಲ್ಲಿಂದ ಎತ್ತಿ ಹಾಗೇ ಅಜ್ಜಿಯ ಮುಂದೆ ಇಟ್ಟವರು ಆ ಪೋರ್ಟಲ್ ಮಾಡಿದವರು. ನಾನು ಬೆರಳು ಹೊಂದಲಿಲ್ಲ ಅಂದಾಗ ಅವಳ ಎರಡನೇ ಪ್ರಶ್ನೆ, "ನನ್ ಹೆಸ್ರು ತೆಗ್ದಾರೇನು ಹಂಗಾರೆ?" ನೋಡಿ, ಅವಳಿಗೆ ಬೇಕಾಗಿದ್ದ ಮೊದಲ ಸುದ್ದಿ ಅದು: ಹೆಸರು ಎಲ್ಲಿಗೂ ಹೋಗಿಲ್ಲ, ದುಡ್ಡು ಕಟ್ಟಬೇಕಾಗಿಲ್ಲ. ಬೆರಳು ಒರೆಸಿ ಇನ್ನೊಂದು ಬೆರಳು ಇಡಬಹುದು, ಅದೂ ಆಗದಿದ್ದರೆ ಕಣ್ಣಿನ ಗುರುತು ಅಥವಾ ಒಟಿಪಿ ಇದೆ ಅನ್ನುವುದು ಆಮೇಲಿನದು. ತಪ್ಪಿನ ಸಂದೇಶ ಬರೆಯುವಾಗ ಏನು ಕೆಟ್ಟಿತು ಅಂತ ಬರೆಯುವುದಕ್ಕೂ ಮುಂಚೆ ಏನು ಕೆಟ್ಟಿಲ್ಲ ಅಂತ ಬರೆಯಿರಿ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ಸ್ಟೂಲಿನ ಮೇಲೆ ಕೂತವರ ಮುಖ ನೋಡಿ ಹೇಳುತ್ತಿದ್ದೇನೆ.

ಇನ್ನು ಭಾಷೆ. ನಮ್ಮ ಸೀಮೆಯ ಸಂಗತಿ ನಿಮಗೆ ಗೊತ್ತಿದೆ, ನಿಮ್ಮ ಆ್ಯಪಿಗೆ ಗೊತ್ತಿಲ್ಲ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ದಿನ ಆದೋನಿ, ಆಲೂರುಗಳ ಜೊತೆ ಈ ಕಡೆಗೆ ಬಂತು. ಮಡಕಶಿರಾದ ಕಡೆ ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರಂ ಮಂಡಲಗಳಲ್ಲಿ ಹೊಲದಲ್ಲೂ ಜಗಳದಲ್ಲೂ ಜೋಗುಳದಲ್ಲೂ ಕನ್ನಡವೇ. ಅಮರಾಪುರಂ ಮಂಡಲದ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು; ಅಲ್ಲಿನ ಕಲ್ಲುಗಳ ಮೇಲೆ ಕನ್ನಡ ಶಾಸನಗಳಿವೆ.

ಇಂಥ ಕಡೆ ನಿಮ್ಮ ಆ್ಯಪ್ ಏನು ಮಾಡುತ್ತದೆ? ರಾಜ್ಯ ಆಂಧ್ರಪ್ರದೇಶ ಅಂತ ಆರಿಸಿದ ಕೂಡಲೇ ತೆಲುಗು, ಇಂಗ್ಲಿಷ್ ಎರಡನ್ನು ಮುಂದಿಟ್ಟು ಕೈ ತೊಳೆದುಕೊಳ್ಳುತ್ತದೆ. ಭಾಷಾ ಅಲ್ಪಸಂಖ್ಯಾತರು ಶೇ. 15ರಷ್ಟೋ ಅದಕ್ಕೂ ಹೆಚ್ಚೋ ಇರುವ ಕಡೆ ಮುಖ್ಯವಾದ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕು ಅಂತ ಕೇಂದ್ರ ಸರ್ಕಾರ 1956ರಲ್ಲೇ ಒಪ್ಪಿದೆ. ಆಗ ಪ್ರಕಟಣೆ ಅಂದರೆ ಚಾವಡಿ ಗೋಡೆಗೆ ಅಂಟಿಸಿದ ಕಾಗದ. ಈಗ ಆ ಗೋಡೆ ನಿಮ್ಮ ಸ್ಕ್ರೀನು.

ಆದರೆ ಕನ್ನಡದ ಗುಂಡಿಯೊಂದನ್ನು ಸೇರಿಸಿಬಿಟ್ಟರೆ ನಮ್ಮ ಕೆಲಸ ಆಯಿತು ಅಂತಲೂ ತಿಳಿಯಬೇಡಿ. ನನ್ನ ಅಂಗಡಿಗೆ ಬರುವವರನ್ನೇ ನೋಡಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದ್ದಾರೆ, ಅವರಿಗೆ ಕನ್ನಡ ಅಕ್ಷರ ಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತವರು ಅದಕ್ಕಿಂತ ಹೆಚ್ಚು. ಅವರಿಗೆ ಕಿವಿಗೆ ಕನ್ನಡ, ಕಣ್ಣಿಗೆ ತೆಲುಗು. ಅಂಥವರಿಗೆ ನೀವು ಕನ್ನಡದ ಗುಂಡಿ ಕೊಟ್ಟರೆ ಓದಲಾಗದ ಅಕ್ಷರ ಬರುತ್ತದೆ, ತೆಲುಗಿನ ಗುಂಡಿ ಕೊಟ್ಟರೆ ಕಚೇರಿಯ ಗ್ರಾಂಥಿಕ ತೆಲುಗಿನಲ್ಲಿ ಧ್ವನಿ ಬರುತ್ತದೆ. ಅಕ್ಷರವೇ ಬಾರದವರಿಗೆ ಧ್ವನಿಯೊಂದೇ ಗತಿ. ಆದ್ದರಿಂದ ಕೇಳುವ ಭಾಷೆ ಯಾವುದು, ಓದುವ ಭಾಷೆ ಯಾವುದು ಅಂತ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ. ಇದು ನಮ್ಮೊಬ್ಬರ ಗೋಳಲ್ಲ. ಕಾಸರಗೋಡಿನಲ್ಲಿ, ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ, ಹೊಸೂರು ತಾಳವಾಡಿಗಳಲ್ಲಿ ಇದೇ ಕಥೆ. ಬೆಂಗಳೂರಿನ ತೆಲುಗು, ತಮಿಳು, ಉರ್ದು ಮನೆಗಳಲ್ಲೂ ಇದೇ.

ಅದು ದೊಡ್ಡ ಕೆಲಸ, ಬಜೆಟ್ ಇಲ್ಲ ಅನ್ನುತ್ತೀರೇನೋ. ಒಂದು ಚಿಕ್ಕ ಲೆಕ್ಕ ಕೊಡುತ್ತೇನೆ. ಯೂನಿಕೋಡಿನಲ್ಲಿ ತೆಲುಗಿನ ಅಕ್ಷರಗಳಿಗೆ ಕೊಟ್ಟ ಜಾಗದ ಪಕ್ಕದಲ್ಲೇ ಕನ್ನಡದ್ದು, ಅದೇ ಕ್ರಮದಲ್ಲಿ ಇದೆ. ತೆಲುಗಿನ ಕಕಾರದ ಸಂಖ್ಯೆ 3093, ಕನ್ನಡದ ಕಕಾರದ್ದು 3221. ಎರಡಕ್ಕೂ ಅಂತರ 128. ಗ, ಮ, ಇಳಿ, ಕೊಂಬು, ಯಾವುದನ್ನು ತೆಗೆದುಕೊಂಡರೂ ಹೆಚ್ಚುಕಮ್ಮಿ ಅದೇ 128. ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ: ದುರ್ಗ ಅನ್ನುವಾಗ ಕನ್ನಡದಲ್ಲಿ ಅರ್ಕಾವತ್ತು ಗಕಾರದ ಮುಂದೆ ಹೋಗಿ ಕೂರುತ್ತದೆ, ತೆಲುಗಿನಲ್ಲಿ ರಕಾರ ಮೊದಲು ನಿಂತು ಅದರ ಕೆಳಗೆ ಗಕಾರದ ಒತ್ತು ಬರುತ್ತದೆ. ಕಣ್ಣಿಗೆ ಬೇರೆ, ಕಂಪ್ಯೂಟರಿನ ಹೊಟ್ಟೆಯಲ್ಲಿ ಎರಡೂ ಒಂದೇ ಕ್ರಮ. ತೆಲುಗಿನಲ್ಲಿ ಇರುವ ಊರಿನ ಹೆಸರು, ಮನುಷ್ಯರ ಹೆಸರು, ತಂದೆಯ ಹೆಸರುಗಳನ್ನು ಕನ್ನಡ ಲಿಪಿಯಲ್ಲೂ ತೋರಿಸುವುದಕ್ಕೆ ನಿಮಗೆ ಒಂದು ಮಧ್ಯಾಹ್ನ ಸಾಕು. ಇಂಗ್ಲಿಷಿನಿಂದ ಕನ್ನಡಕ್ಕೆ ಹೆಸರು ತಿರುಗಿಸಲು ಹೋಗಿ ಹನುಮಂತಪ್ಪನನ್ನು ಹನುಮಾಂತಪ ಮಾಡುವುದಕ್ಕಿಂತ ಇದು ಎಷ್ಟೋ ನಂಬಿಗಸ್ತ ದಾರಿ.

ಕನ್ನಡ ಹಾಕುವವರಿಗೆ ಇನ್ನೊಂದು ಕಿವಿಮಾತು. ನಮ್ಮ ಸಾಲಿಗೆ ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಜಾಗ ಬೇಕು. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಬಟನ್ನಿನಲ್ಲಿ ಕನ್ನಡ ತುರುಕಿದರೆ ಕೆಳಗಿನ ಒತ್ತು ಕಟ್ ಆಗುತ್ತದೆ. ಅರ್ಜಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎರಡು ಬಟನ್ನು ಯಾವುವು? ಸಲ್ಲಿಸಿ, ರದ್ದುಮಾಡಿ. ಎರಡರಲ್ಲೂ ಒತ್ತಕ್ಷರ ಇದೆ. ನಾನು ದಿನಾ 'ಸಲಿಸಿ' ಒತ್ತುತ್ತೇನೆ.

ಹೆಸರಿನ ಖಾನೆಗೆ ಬರುತ್ತೇನೆ. ಸರ್‌ನೇಮ್ ಕಡ್ಡಾಯ ಅಂತ ಕೆಂಪು ನಕ್ಷತ್ರ ಹಾಕಿರುತ್ತೀರಿ. ನಮ್ಮ ಕನ್ನಡದವರಲ್ಲಿ ಬಹಳ ಮಂದಿಗೆ ಮನೆತನದ ಹೆಸರೇ ಇಲ್ಲ, ಅಪ್ಪನ ಹೆಸರಿನ ಒಂದಕ್ಷರ ಇದ್ದರೆ ಹೆಚ್ಚು. ಖಾನೆ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಕೊನೆಗೆ ಅಲ್ಲಿ ಏನು ಬೀಳುತ್ತದೆ? ಈ ಭಾಗದ ದಾಖಲೆಗಳಲ್ಲಿ ಎಷ್ಟೋ ಜನರ ಹೆಸರಿನ ಮುಂದೆ ಬೋಯ, ಕುರುಬ, ವಡ್ಡೆ ಅಂತ ಜಾತಿಯೇ ಮನೆತನವಾಗಿ ಕೂತಿದೆ. ಗಡಿಯಾಚೆಗಿನ ಅವರ ದಾಯಾದಿಯ ಹೆಸರಲ್ಲಿ ಅದು ಇರುವುದಿಲ್ಲ. ಇದನ್ನು ಮೊದಲು ಶುರು ಮಾಡಿದ್ದು ಕಂಪ್ಯೂಟರ್ ಅಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಕೆಂಪು ನಕ್ಷತ್ರ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತಿದೆ. 'ಪೂರ್ತಿ ಹೆಸರು' ಅಂತ ಒಂದೇ ಖಾನೆ ಇಟ್ಟರೆ ಯಾವ ಆಕಾಶ ಕಳಚಿ ಬೀಳುತ್ತದೆ?

ಹುಟ್ಟಿದ ದಿನದ ಕತೆ ಇನ್ನೂ ತಮಾಷೆ. ವಯಸ್ಸು ಮಾತ್ರ ಗೊತ್ತಿದ್ದವರಿಗೆ ಆಧಾರ್ ಬರೆಸುವಾಗ ಜನವರಿ 1 ಅಂತ ಹಾಕಿದ್ದಾರೆ, ಹಾಗಾಗಿ ನಮ್ಮೂರುಗಳಲ್ಲಿ ಹೊಸ ವರ್ಷದ ದಿನ ಹಿರಿಯರಿಗೆಲ್ಲ ಒಟ್ಟಿಗೆ ಹುಟ್ಟುಹಬ್ಬ. ಅದನ್ನು ತುಂಬಲು ನೀವು ಕೊಡುವುದು ಒಂದು ಪುಟ್ಟ ಕ್ಯಾಲೆಂಡರು. ಅದು ಇವತ್ತಿನ ತಿಂಗಳಿನಲ್ಲಿ ತೆರೆಯುತ್ತದೆ. 1948ಕ್ಕೆ ಹೋಗಬೇಕಾದರೆ ಬಾಣದ ಗುರುತನ್ನು ತಿಂಗಳು ತಿಂಗಳಾಗಿ ಒತ್ತುತ್ತಾ ಹಿಂದೆ ಹೋಗಬೇಕು. ಎಂಟು ಅಂಕಿ ಬಡಿಯಲು ಬಿಟ್ಟಿದ್ದರೆ ಮುಗಿಯುತ್ತಿತ್ತು. ಅಂಥ ಒಬ್ಬರಿಗೆ ಹುಟ್ಟಿದ ಜಿಲ್ಲೆ, ರಾಜ್ಯ ತುಂಬುವುದು ಇನ್ನೊಂದು ಪರೀಕ್ಷೆ. 1948ರಲ್ಲಿ ರಾಯದುರ್ಗದಲ್ಲಿ ಹುಟ್ಟಿದವರು ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ್ಯ. ನಿಮ್ಮ ಪಟ್ಟಿಯಲ್ಲಿ ಬಳ್ಳಾರಿ ಆರಿಸಿದರೆ ರಾಜ್ಯ ಕರ್ನಾಟಕ ಆಗುತ್ತದೆ, ಆಂಧ್ರ ಆರಿಸಿದರೆ ಬಳ್ಳಾರಿ ಮಾಯವಾಗುತ್ತದೆ. ಮಡಕಶಿರಾದವರಿಗೆ 2022ರ ಏಪ್ರಿಲ್‌ನಿಂದ ಹೊಸ ತಾಪತ್ರಯ. ಆಂಧ್ರದ 13 ಜಿಲ್ಲೆ 26 ಆದವು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕೈಯಲ್ಲಿರುವ ಹಳೇ ಕಾರ್ಡಿನಲ್ಲಿ ಅನಂತಪುರ. ಕೆಲವು ಪೋರ್ಟಲ್‌ಗಳ ಪಟ್ಟಿಯಲ್ಲಿ ಹೊಸ ಜಿಲ್ಲೆಯೇ ಇಲ್ಲ, ಕೆಲವುಗಳಲ್ಲಿ ಅನಂತಪುರ, ಅನಂತಪುರಂ, ಅನಂತಪುರಮು ಅಂತ ಒಂದೇ ಜಿಲ್ಲೆಗೆ ಬೇರೆ ಬೇರೆ ಹೆಸರು. ಯಾವುದನ್ನು ಒತ್ತಿದರೆ ಅರ್ಜಿ ತಿರಸ್ಕಾರ ಆಗುವುದಿಲ್ಲ ಅನ್ನುವುದು ನನಗೆ ಬಾಯಿಪಾಠ ಆಗಿದೆ. ಜನ ನನಗೆ ದುಡ್ಡು ಕೊಡುವುದು ಟೈಪಿಂಗಿಗೆ ಅಲ್ಲ, ಈ ಬಾಯಿಪಾಠಕ್ಕೆ. ನೆನಪಿಟ್ಟುಕೊಳ್ಳುವ ಕೆಲಸವನ್ನು ಮನುಷ್ಯನ ತಲೆಗೆ ಹೊರಿಸಬೇಡಿ, ಕಣ್ಣಿಗೆ ಕಾಣುವಂತೆ ಇಡಿ ಅಂತ ನೀಲ್ಸನ್ ಹೇಳಿದ್ದು ಇದನ್ನೇ.

ಎಲ್ಲ ಕೆಟ್ಟದ್ದೇ ಅಂತ ನಾನು ಹೇಳುತ್ತಿಲ್ಲ. ನಮ್ಮ ಪೇಟೆಯಲ್ಲಿ ಸದ್ಯಕ್ಕೆ ಅತ್ಯುತ್ತಮ ಇಂಟರ್‌ಫೇಸ್ ಯಾವುದು ಅಂತ ಕೇಳಿದರೆ ನಾನು ಟೀ ಅಂಗಡಿಯ ಸೌಂಡ್‌ಬಾಕ್ಸ್ ತೋರಿಸುತ್ತೇನೆ. ಅದಕ್ಕೆ ಮಾಡಲು ಇರುವುದು ಒಂದೇ ಕೆಲಸ. ದುಡ್ಡು ಬಂತು, ಇಷ್ಟು ಬಂತು ಅಂತ ಕೂಗಿ ಹೇಳುತ್ತದೆ. ಕೊಟ್ಟವನಿಗೂ ಕೇಳುತ್ತದೆ, ಇಸಿದುಕೊಂಡವನಿಗೂ ಕೇಳುತ್ತದೆ, ಪಕ್ಕದಲ್ಲಿ ಬನ್ನು ತಿನ್ನುತ್ತ ನಿಂತವನೂ ಸಾಕ್ಷಿ. ಅದು ತೆಲುಗು ಮಾತಾಡಬೇಕೋ ಕನ್ನಡವೋ ಅಂತ ನಿರ್ಧಾರ ಮಾಡುವವನು ಅಂಗಡಿಯವನು, ಅವನ ಪಿನ್‌ಕೋಡ್ ಅಲ್ಲ. ಇಬ್ಬರು ಬಳಕೆದಾರರು ಇದ್ದಾರೆ ಅಂತ ಅದನ್ನು ಮಾಡಿದವರಿಗೆ ಗೊತ್ತಿತ್ತು. ಅದೇ ಟೀ ಅಂಗಡಿಯಲ್ಲಿ ಸೌಂಡ್‌ಬಾಕ್ಸ್ ಕೆಟ್ಟ ದಿನ ನೋಡಿ, 'ಸುತ್ತುತಾ ಐತೆ, ಹೋಯ್ತೋ ಇಲ್ವೋ' ಅಂತ ಜನ ಇನ್ನೊಂದು ಸಲ ಒತ್ತಿ ಎರಡು ಸಲ ದುಡ್ಡು ಕಳಿಸಿಕೊಳ್ಳುತ್ತಾರೆ.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಇಂದ್ರಾಣಿ ಮೇಧಿ ಮತ್ತು ಜೊತೆಗಾರರು 2006ರ ಹೊತ್ತಿಗೆ ಮನೆಗೆಲಸದ ಹೆಂಗಸರಿಗಾಗಿ ಅಕ್ಷರವೇ ಇಲ್ಲದ ಸ್ಕ್ರೀನ್ ಮಾಡಿ ನೋಡಿದರು. ಕೆಲಸ ಹುಡುಕುವುದಕ್ಕೆ ಅದು. ಪಾತ್ರೆ ಸಿಂಕಿನಲ್ಲಿ ಇಟ್ಟ ಚಿತ್ರ ತೋರಿಸಿದರೆ ಅದು ಅಡುಗೆಮನೆ ಅಂತ ಅಂದುಕೊಂಡವರು, ನಲ್ಲಿಯಿಂದ ನೀರು ಬೀಳುವುದನ್ನು ಬರೆದ ಮೇಲೆ ಪಾತ್ರೆ ತೊಳೆಯುವ ಕೆಲಸ ಅಂತ ಗುರುತು ಹಿಡಿದರು. ಫೋಟೊಗಿಂತ ಕೈಯಲ್ಲಿ ಬರೆದ ಚಿತ್ರ ಚೆನ್ನಾಗಿ ಅರ್ಥವಾಯಿತು. ಒಂದರೊಳಗೆ ಒಂದು ಮೆನು ಇಟ್ಟರೆ ಶಾಲೆಗೆ ಹೋಗದವರು ಕಳೆದುಹೋಗುತ್ತಾರೆ, ಉದ್ದವಾದರೂ ಒಂದೇ ಪಟ್ಟಿ ಇದ್ದರೆ ಸಲೀಸು ಅಂತ ಆಮೇಲಿನ ಕೆಲಸದಲ್ಲಿ ಕಂಡುಕೊಂಡರು. ನಿಮ್ಮ ಮೂರು ಗೆರೆಯ ಮೆನು ಗುರುತಿನ ಬಗ್ಗೆ ನಾನು ಬೇರೆ ಏನೂ ಹೇಳಬೇಕಾಗಿಲ್ಲ.

ಆಂಧ್ರ ಸರ್ಕಾರ 2025ರ ಜನವರಿಯಲ್ಲಿ 'ಮನ ಮಿತ್ರ' ಅಂತ ವಾಟ್ಸ್ಆ್ಯಪ್ ಮೇಲೆ 161 ಸೇವೆ ತಂದಿತು. ಅದರಲ್ಲಿ ನನಗೆ ಹಿಡಿಸಿದ್ದು ಸೇವೆಗಳ ಸಂಖ್ಯೆಯಲ್ಲ. ವಾಟ್ಸ್ಆ್ಯಪಿನಲ್ಲಿ ನಡೆದ ಮಾತುಕತೆ ಅಳಿಸದಿದ್ದರೆ ಅಲ್ಲೇ ಉಳಿಯುತ್ತದೆ, ಅದೂ ಜನರದ್ದೇ ಫೋನಿನಲ್ಲಿ. ಏನು ಕೇಳಿದರು, ಏನು ಕೊಟ್ಟರು ಅಂತ ಮೇಲಕ್ಕೆ ಸರಿಸಿ ನೋಡಬಹುದು, ಓದು ಬಲ್ಲ ಮಗಳಿಗೆ ಕಳಿಸಿ ಕೇಳಬಹುದು. ವೆಬ್‌ಸೈಟಿನಲ್ಲಿ ಸೆಷನ್ ಮುಗಿಯಿತು ಅಂತ ಒಂದು ಸಾಲು ಬಂದರೆ ಅರ್ಧ ಗಂಟೆ ತುಂಬಿದ್ದೆಲ್ಲ ಗಾಳಿಗೆ ಹೋಗುತ್ತದಲ್ಲ, ಅದಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ.

ಒಟಿಪಿ ವಿಷಯದಲ್ಲಿ ನಿಮ್ಮನ್ನೇ ಸಾಕ್ಷಿಗೆ ಕರೆಯುತ್ತೇನೆ. ನಿಮ್ಮ ಅಮ್ಮನ ಬ್ಯಾಂಕಿಗೆ, ರೇಷನ್ ಕಾರ್ಡಿಗೆ ನಿಮ್ಮದೇ ನಂಬರು ಕೊಟ್ಟಿರುತ್ತೀರಿ. ಇಲ್ಲಿ ನಾನು ಗುಂಡಿ ಒತ್ತಿದರೆ ಅಲ್ಲಿ ಮೀಟಿಂಗ್‌ನಲ್ಲಿ ಕೂತ ನಿಮ್ಮ ಜೇಬು ಅದುರುತ್ತದೆ. ಅಮ್ಮ ಫೋನ್ ಮಾಡುತ್ತಾಳೆ, ನೀವು ಕಟ್ ಮಾಡುತ್ತೀರಿ, ಇಲ್ಲಿ ಗಡುವು ಓಡುತ್ತಿರುತ್ತದೆ. ನೀವು ಸಿಕ್ಕಿ ಅಂಕಿ ಹೇಳಿದರೂ, ಅದು ಯಾವುದಕ್ಕೆ ಅಂತ ನಿಮಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ, ಗೊತ್ತಿರುವುದು ನನಗೊಬ್ಬನಿಗೇ. ನಾನು ಸಾಚಾ ಮನುಷ್ಯ ಅಂತ ನಂಬಿ ಕೊಡುತ್ತೀರಿ. ಈ ಕಸುಬಿನಲ್ಲಿ ಎಲ್ಲರೂ ಸಾಚಾ ಇರುವುದಿಲ್ಲ, ಎಲ್ಲ ದಿನವೂ ಸಾಚಾ ಇರುವುದಿಲ್ಲ. ಒಟಿಪಿಯ ಸಂದೇಶದಲ್ಲಿ ಅಂಕಿಗೆ ಮುಂಚೆ ಇದನ್ನು ಕೊಟ್ಟರೆ ಏನಾಗುತ್ತದೆ ಅಂತ ಒಂದು ಸಾಲು, ಅವರ ಭಾಷೆಯಲ್ಲಿ ಬರೆಯಿರಿ: ಇಂಥವರ ಖಾತೆಯಿಂದ ಇಷ್ಟು ಹೋಗುತ್ತದೆ, ಇಂಥವರ ಫೋನ್ ನಂಬರು ಬದಲಾಗುತ್ತದೆ.

ಎರಡನೇ ಮಾನಿಟರ್ ಇಡಲು ನನ್ನ ಕೌಂಟರಿನಲ್ಲಿ ಜಾಗ ಇಲ್ಲ. ಅದರ ಬದಲು ಸಲ್ಲಿಸುವ ಮುಂಚೆ ಒಂದು ಪುಟ ಕೊಡಿ, ನಾನು ಮಾನಿಟರನ್ನು ಆ ಕಡೆ ತಿರುಗಿಸಬಹುದಾದಂಥ ಪುಟ. ಅಕ್ಷರ ದಪ್ಪ, ಸಾಲು ಐದು ಸಾಕು. ಯಾರ ಹೆಸರಿನಲ್ಲಿ, ಏನು ಕೇಳಿದ್ದಾರೆ, ಸರ್ಕಾರದ ಫೀಸ್ ಎಷ್ಟು, ಅಂಗಡಿಯವನು ತೆಗೆದುಕೊಳ್ಳಬಹುದಾದ್ದು ಎಷ್ಟು, ಉತ್ತರ ಯಾವ ತಾರೀಕಿಗೆ ಎಲ್ಲಿಂದ ಬರುತ್ತದೆ. ಪಕ್ಕದಲ್ಲಿ ಒಂದು ಗುಂಡಿ, ಒತ್ತಿದರೆ ಅದನ್ನೇ ಕನ್ನಡದಲ್ಲೋ ತೆಲುಗಿನಲ್ಲೋ ಓದಿ ಹೇಳಬೇಕು. ಅದೇ ಐದು ಸಾಲು ರಸೀದಿಯಲ್ಲೂ ಅಚ್ಚಾಗಬೇಕು, ಅದೇ ಐದು ಸಾಲು ಅವರ ಫೋನಿಗೂ ಹೋಗಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಅವರು ಬೇಡ ಅಂದರೆ ಅರ್ಜಿ ವಾಪಸ್ ಆಗಬೇಕು, ನನ್ನ ಮುಖ ನೋಡದೆಯೇ. ಅಂಗಡಿಯವನ ಫೀಸ್ ದೊಡ್ಡ ಅಕ್ಷರದಲ್ಲಿ ಹಾಕಿದರೆ ನಮ್ಮ ಕಸುಬಿನವರಿಗೆ ಕಿರಿಕಿರಿ ಆಗುತ್ತದೆ. ಆಗಲಿ ಬಿಡಿ.

ಮುಂದಿನ ಸಲ ಊರಿಗೆ ಬಂದಾಗ ನೀವು ಮಾಡುತ್ತಿರುವ ಆ್ಯಪನ್ನು, ಪೂರ್ತಿ ಆಗದಿದ್ದರೂ ಪರವಾಗಿಲ್ಲ, ಫೋನಿನಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬನ್ನಿ. ಐದು ಜನರ ಕೈಲಿ ಬಳಸಿ ನೋಡಿದರೆ ಹೆಚ್ಚಿನ ತೊಂದರೆಗಳು ಹೊರಗೆ ಬರುತ್ತವೆ ಅಂತ ನೀಲ್ಸನ್ ಅವರದೇ ಮಾತು. ಬೆಳಿಗ್ಗೆ ಹತ್ತು ಗಂಟೆಗೆ ಐದು ಜನ ನನ್ನ ಬೆಂಚಿನ ಮೇಲೆ ಇದ್ದೇ ಇರುತ್ತಾರೆ. ಒಂದೇ ಷರತ್ತು: ನೀವು ಏನೂ ವಿವರಿಸಕೂಡದು, 'ಅಲ್ಲಿ ಒತ್ತವ್ವಾ' ಅಂತ ಬೆರಳು ತೋರಿಸಕೂಡದು, ಆ ಕಡೆ ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡಬೇಕು. ಭಾನುವಾರ ಬೇಡ, ಕಚೇರಿ ರಜ ಇದ್ದರೆ ಯಾರೂ ಬರುವುದಿಲ್ಲ. ಸೋಮವಾರಕ್ಕೆ ಒಂದು ದಿನ ರಜ ಹಾಕಿಕೊಳ್ಳಿ. ಟೀ ಖರ್ಚು ನಿಮ್ಮದು.

ಇಂತಿ,
ರಾಯದುರ್ಗದ ಆನ್‌ಲೈನ್ ಸೆಂಟರಿನವನು